ಪುಟ್ಟೀರನ ಕಣ್ಣು

ನನ್ನ ಕ್ಷೌರದಂಗಡಿಗೆ ಗೋಡೆಯಿಲ್ಲ, ಸೂರಿಲ್ಲ. ಇರುವುದು ಒಂದು ಕುರ್ಚಿ, ಒಂದು ಕನ್ನಡಿ, ಮತ್ತು ನಮ್ಮಜ್ಜ ಹುಟ್ಟುವ ಮೊದಲೇ ಬಿದ್ದುಹೋದ ಹುಣಸೆಮರದ ನೆರಳು. ಬೆಳಿಗ್ಗೆ ಆ ನೆರಳು ಚರಂಡಿಯ ಕಡೆ ಇರುತ್ತದೆ, ಮಧ್ಯಾಹ್ನ ಬಾವಿಕಟ್ಟೆಗೆ ಬರುತ್ತದೆ, ಸಂಜೆ ಹೊತ್ತಿಗೆ ಪಂಚಾಯಿತಿ ಕಚೇರಿಯ ಗೋಡೆ ಹತ್ತುತ್ತದೆ. ಅದರ ಹಿಂದೆ ಕುರ್ಚಿ ಎಳೆದುಕೊಂಡು ಓಡಾಡುವುದೇ ನನ್ನ ಅರ್ಧ ಕೆಲಸ. ಒಂದು ಕೆನ್ನೆ ಮುಗಿಸಿಕೊಂಡ ಗಿರಾಕಿಯನ್ನು ಎಬ್ಬಿಸಿ, ಕುರ್ಚಿ ಸರಿಸಿ, ಮತ್ತೆ ಕೂರಿಸಿ ಇನ್ನೊಂದು ಕೆನ್ನೆಗೆ ಸೋಪು ಹಚ್ಚುತ್ತೇನೆ. ಹೊರಗಿನಿಂದ ಬಂದವರು ಮಾತ್ರ ಮರ ಎಲ್ಲಿದೆ ಎಂದು ತಲೆಯೆತ್ತಿ ಹುಡುಕುತ್ತಾರೆ. ಕತ್ತು ಎತ್ತಿದ್ದು ಒಳ್ಳೆಯದೇ ಆಯಿತೆಂದು ನಾನು ಗದ್ದದ ಕೆಳಗೆ ಕತ್ತಿ ಆಡಿಸಿಬಿಡುತ್ತೇನೆ.

ನಮ್ಮೂರಿನಲ್ಲಿ ಮರ ಹೋದರೂ ನೆರಳು ಹೋಗುವುದಿಲ್ಲ. ಹಪ್ಪಳ ಒಣಗಿಸಲು ಜಾಗವಿಲ್ಲವೆಂದು ಹೆಂಗಸರು ಗೊಣಗುತ್ತಾರೆ. ಬಸ್ ನಿಲ್ದಾಣವೆಂದರೆ ಒಂದು ಆಲದ ನೆರಳು. ಸಂತೆಬೀದಿಯ ಮಾವಿನ ನೆರಳಿನಲ್ಲಿ ಬೇಸಿಗೆ ಬಂದರೆ ಕಾಯಿಗಳ ನೆರಳೂ ತೂಗುತ್ತದೆ, ಮಕ್ಕಳು ಸುಮ್ಮನೆ ಅದರ ಕೆಳಗೆ ನಿಂತು ಬಾಯಿ ಚಪ್ಪರಿಸುತ್ತಾರೆ. ಊರಿನ ಅಂಚಿಗೆ ತೋಪು ಎಂಬ ಜಾಗವಿದೆ. ಅಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತಂತೆ. ರೈಲು ಹಳಿಯ ಕೆಳಗೆ ಹಾಸಲು ದಿಮ್ಮಿ ಬೇಕೆಂದು ಕಡಿದರು. ರೈಲು ಬರಲಿಲ್ಲ, ಮರ ಹೋಯಿತು, ಕಾಡಿನ ನೆರಳು ಮಾತ್ರ ಬೋಳು ನೆಲದ ಮೇಲೆ ತಣ್ಣಗೆ ಬಿದ್ದುಕೊಂಡಿತು.

ಆ ನೆರಳು ನಮಗೆ ಎಷ್ಟು ಬೇಕಾಗಿತ್ತೆಂದು ಹೇಳಬೇಕಾದರೆ ನನ್ನ ಮಗಳು ಪದುಮಿಯ ವಿಷಯ ಹೇಳಬೇಕು. ಪದುಮಿಗೆ ಬಿಸಿಲು ಆಗುವುದಿಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲವಲ್ಲ, ಹಾಗಲ್ಲ. ತೊಟ್ಟಿಲಲ್ಲಿದ್ದಾಗ ಕಿಟಕಿಯಿಂದ ಒಂದು ಕೋಲು ಬಿಸಿಲು ಕೆನ್ನೆಗೆ ಬಿದ್ದು ಬೊಬ್ಬೆ ಎದ್ದದ್ದು ತಿಂಗಳಾದರೂ ಮಾಯಲಿಲ್ಲ. ದೂರದ ದೊಡ್ಡಾಸ್ಪತ್ರೆಯವರು, ಇವಳನ್ನು ಕತ್ತಲೆ ಕೋಣೆಯಲ್ಲಿಟ್ಟು ಸಾಕಬೇಕು ಎಂದರು. ನನ್ನ ಹೆಂಡತಿ ಸಾಕಮ್ಮ ಡಾಕ್ಟರ ಮುಖಕ್ಕೇ, "ನಮ್ಮೂರಲ್ಲಿ ನೆರಳು ಬೇಕಾದಷ್ಟಿದೆ ಸ್ವಾಮಿ, ಕತ್ತಲೆ ಕೋಣೆ ನೀವೇ ಇಟ್ಕೊಳ್ಳಿ" ಎಂದು ಹೇಳಿ, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ನಾನು ಹಿಂದೆ ಚೀಲ ಹೊತ್ತುಕೊಂಡು ಓಡಿದೆ.

ಅವಳು ಹೇಳಿದ್ದು ನಿಜವಾಯಿತು. ನಮ್ಮ ಹಿತ್ತಲಿನ ಹಲಸಿನ ನೆರಳು ಮುಗಿಯುವಲ್ಲಿ ಒಂದು ಎತ್ತರದ ಗೋಡೆಯ ನೆರಳು, ಅದು ಮುಗಿಯುವಲ್ಲಿ ನನ್ನ ಹುಣಸೆ, ಹುಣಸೆ ದಾಟಿದರೆ ತೋಪು, ತೋಪಿನ ಆಚೆ ತುದಿಗೆ ಶಾಲೆಯ ಬಾಗಿಲು. ಪದುಮಿ ಎಲ್ಲ ಮಕ್ಕಳ ಹಾಗೆ ಚೀಲ ನೇತುಹಾಕಿಕೊಂಡು ಶಾಲೆಗೆ ಹೋದಳು, ಎಲ್ಲ ಮಕ್ಕಳ ಹಾಗೆ ಜಗಳವಾಡಿ ಗುಂಡಿ ಕಿತ್ತುಕೊಂಡು ಬಂದಳು. ಕೊಡೆ ಹಿಡಿದುಕೊಂಡರೆ ಸಾಲದೇ ಎಂದು ಕೇಳುವ ಬುದ್ಧಿವಂತರು ಈಗಲೂ ಇದ್ದಾರೆ. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ನೆಲಕ್ಕೆ ಬಡಿದು ಕೆಳಗಿನಿಂದಲೂ ಬರುತ್ತದೆ ಎಂದು ಅವರಿಗೆ ವಿವರಿಸಿ ನನಗೆ ಸಾಕಾಗಿದೆ.

ಅವಳಿಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಒಂದು ದಿನ ಎಡಗೈ ಹಿಡಿದುಕೊಂಡು ಅಳುತ್ತಾ ಬಂದಳು. ಮುಂಗೈ ಪೂರ್ತಿ ಸುಟ್ಟಿತ್ತು. ನಾನು ಕತ್ತರಿ ಬಿಸಾಕಿ ತೋಪಿಗೆ ಓಡಿದೆ. ನಡುಮಧ್ಯೆ, ಅವಳು ದಿನಾ ನಡೆಯುವ ದಾರಿಯಲ್ಲೇ, ನೆರಳು ಹರಿದಿತ್ತು. ಮೊರದಷ್ಟು ಅಗಲದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಚಾಪೆಯಷ್ಟಾಯಿತು. ಮುಂದಿನ ಬೇಸಿಗೆಗೆ ಒಂದು ಒಕ್ಕಣೆಯ ಕಣದಷ್ಟಾಗಿ ತೋಪು ಎರಡು ಹೋಳಾಯಿತು. ಪದುಮಿಯ ಶಾಲೆ ನಿಂತುಹೋಯಿತು.

ಊರವರು ಸುಮ್ಮನೆ ಕೂರಲಿಲ್ಲ. ಅವರ ಬಗ್ಗೆ ನನಗೆ ಎಷ್ಟೇ ಸಿಟ್ಟಿದ್ದರೂ ಅದನ್ನು ಹೇಳಲೇಬೇಕು. ಎಲ್ಲರೂ ಸೇರಿ ಹರಕಿನ ಮೇಲೆ ಸೋಗೆಯ ಚಪ್ಪರ ಹಾಕಿದರು. ಒಂದೇ ವಾರಕ್ಕೆ ಹರಕು ಚಪ್ಪರದಾಚೆಗೆ ಹರಡಿತು. ಚಪ್ಪರ ಇದೆಯಲ್ಲ, ಇನ್ನು ನಾನೇಕೆ ಎಂದು ಹಳೆಯ ನೆರಳು ಗಂಟುಮೂಟೆ ಕಟ್ಟಿತ್ತು. ಕಣಿವೆಯ ಗಾಳಿ ಸೋಗೆಯನ್ನೂ ಹಾರಿಸಿಕೊಂಡು ಹೋಯಿತು. ಆಗ ಗಿರಾಕಿಗಳಲ್ಲಿ ಹಿರಿಯರು ನೆನಪಿಸಿಕೊಂಡರು. ಬೇಡದ ಕಡೆ ನೆರಳು ನಿಲ್ಲುವುದಿಲ್ಲ. ಅದಿಲ್ಲದೆ ಬದುಕಲಾರದ್ದೇನಾದರೂ ಅದರ ಕೆಳಗೆ ಇರಬೇಕು.

"ನನ್ನ ಮಗಳಿಗೆ ಬೇಕಲ್ಲ! ಅವಳು ಬದುಕಬಲ್ಲಳಾ ಅದಿಲ್ಲದೆ?" ಎಂದು ನಾನು ಕೂಗಾಡಿದೆ. ಆಗ ಕುರ್ಚಿಯಲ್ಲಿ ಕೂತಿದ್ದವರು ಬಸ್ ಕಂಡಕ್ಟರ್ ಜಬ್ಬಾರ್. ನನ್ನ ಕೈಯಲ್ಲಿ ಕತ್ತಿ ಇದ್ದುದರಿಂದ ತುಂಬ ಮೆಲ್ಲಗೆ ಹೇಳಿದರು.

"ಬೇಕು ಮುದ್ದಯ್ಯ, ಯಾರು ಇಲ್ಲ ಅಂದ್ರು? ಆದ್ರೆ ಪದುಮಿ ಅಲ್ಲಿ ದಾಟಿ ಹೋಗ್ತಾಳೆ. ನಿಮ್ಮ ಹಿತ್ತಲಲ್ಲಿ ಕೂತಿರ್ತಾಳೆ ನೋಡು, ಅಲ್ಲಿ ನೆರಳು ಹೆಂಗಿದೆ? ಮಸಿ ಬಳಿದಂಗಿದೆ. ತೋಪಲ್ಲಿ ಬೇರು ಬಿಟ್ಟು ನಿಲ್ಲೋದು ಏನಾದ್ರೂ ಬೇಕು."

ಹಾಗೆ ಬೇರು ಬಿಟ್ಟು ನಿಲ್ಲುತ್ತಿದ್ದದ್ದು ಒಂದೇ ಗಿಡ, ಕಣ್ಣುಕಾಯಿ. ನಾನು ಹುಟ್ಟುವ ಮೊದಲು ತೋಪಿನ ತುಂಬ ಇತ್ತಂತೆ. ಒಂದು ಹಗಲು ಬಿಸಿಲು ತಾಗಿದರೂ ಬಾಡಿ ಸಾಯುವ ಜಾತಿ. ಮೊಣಕಾಲೆತ್ತರ, ಕೆಂಪು ತೊಟ್ಟು, ತೊಟ್ಟಿನ ತುದಿಗೆ ಒಂದೊಂದು ಬಿಳಿ ಹಣ್ಣು, ಹಣ್ಣಿನ ನಡುವೆ ಒಂದು ಕಪ್ಪು ಚುಕ್ಕೆ. ನಾಲ್ಕು ಹಣ್ಣು ತಿಂದರೆ ಎದೆಬಡಿತ ನಿಂತುಹೋಗುತ್ತದೆ. ಒಂದು ಮಗು ತಿಂದು ಸತ್ತ ಮೇಲೆ ಊರೇ ನುಗ್ಗಿ ಒಂದು ಬೇರೂ ಉಳಿಯದಂತೆ ಕಿತ್ತು ಸುಟ್ಟಿತ್ತು. ಅಂದಿನಿಂದ ತೋಪಿನ ನೆರಳು ಯಾರಿಗೂ ಗೊತ್ತಾಗದಂತೆ ಸೊರಗುತ್ತಾ ಬಂದಿತ್ತು.

ಗಿಡ ಕಣಿವೆಯಾಚೆಯ ಕಾಡಿನಲ್ಲಿ ಇನ್ನೂ ಇತ್ತು. ಚಳಿ ಶುರುವಾಗುವ ಹೊತ್ತಿಗೆ ಜಬ್ಬಾರ್ ಒಂದು ಗೊಂಚಲು ಹಣ್ಣನ್ನು ಟಿಫನ್ ಡಬ್ಬಿಯಲ್ಲಿ ಹಾಕಿ, ಡಬ್ಬಿಗೆ ಹಗ್ಗ ಸುತ್ತಿ, ಅದನ್ನು ಟಿಕೆಟ್ ಚೀಲದಿಂದ ದೂರ ಹಿಡಿದುಕೊಂಡು ತಂದುಕೊಟ್ಟರು. "ಇನ್ಮೇಲೆ ಈ ಡಬ್ಬಿ ನಿಂದೇ. ನಾನು ಇದ್ರಲ್ಲಿ ಊಟ ಮಾಡಲ್ಲ" ಎಂದರು. ನಾನು ಹಣ್ಣನ್ನು ಹಿತ್ತಲಿನ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಅವರೆಕಾಳು ಊರುವ ಹಾಗೆ ಇಡಿಯಾಗಿ ಕುಂಡಗಳಲ್ಲಿ ಊರಿದೆ. ಬಂದ ಗಿರಾಕಿಗಳಿಗೆಲ್ಲ ಇನ್ನೇನು ಮೊಳಕೆ ಬಂತು ಎಂದು ಹೇಳಿಕೊಂಡೆ. ನನಗೆ ಬಾಯಿ ಸ್ವಲ್ಪ ಜಾಸ್ತಿ. ಕುಂಡಗಳಲ್ಲಿ ಹುಲ್ಲು ಸಹ ಬರಲಿಲ್ಲ.

ಬಂದವಳು ದ್ಯಾವಮ್ಮ. ಎಪ್ಪತ್ತು ದಾಟಿದ ಹೆಂಗಸು, ಊರಿನ ಆಡುಗಳೆಲ್ಲ ಅವಳವು, ಸತ್ತ ಆ ಮಗು ಅವಳ ತಮ್ಮ. ಅಂಗಡಿಯ ಮುಂದೆ ಆಡುಗಳ ನಡುವೆ ನಿಂತು ಕೋಲನ್ನು ನೆಲಕ್ಕೆ ಕುಟ್ಟಿದಳು. ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಹಾಗೇ ಎದ್ದು ಹೋದ.

"ಏನೋ ಮುದ್ದಯ್ಯ, ವಿಷ ಹಾಕ್ತಿದೀಯಂತಲ್ಲ?"

"ದ್ಯಾವಕ್ಕ, ಕೂತ್ಕೊ. ನನ್ನ ಮಗಳ ಸ್ಥಿತಿ ನಿಂಗೆ ಗೊತ್ತಿಲ್ವಾ?"

"ಗೊತ್ತು. ಊರಿಗೆಲ್ಲಾ ಗೊತ್ತು. ಒಂದು ಮಗು ಹೋಯ್ತು ಅಂತ ಅವತ್ತು ಕಿತ್ತೆವು. ಒಂದು ಮಗೂಗೆ ಬೇಕು ಅಂತ ಇವತ್ತು ನೆಡಬೇಕಾ? ಬೇರೆ ಮಕ್ಕಳು ಏನು ಮಾಡ್ಬೇಕು?"

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಕೇಳುತ್ತಿದ್ದದ್ದೂ ಸರಿಯಾಗಿತ್ತು. ಎರಡೂ ಸರಿ ಇರುವ ಜಗಳದಲ್ಲಿ ಹೇಗೆ ಬೈಯುವುದು ಎಂದು ನನಗೆ ತಿಳಿಯಲಿಲ್ಲ. ಅವಳು ಹೋದ ಮೇಲೆ ಮನೆಗೆ ಬಂದು ಊಟದ ತಟ್ಟೆ ತಳ್ಳಿದೆ. ಸಾಕಮ್ಮ ತಟ್ಟೆಯನ್ನು ಮತ್ತೆ ನನ್ನ ಕಡೆ ತಳ್ಳಿ, "ಅನ್ನ ಏನು ಮಾಡ್ತು ನಿಂಗೆ?" ಎಂದಳು. ಪದುಮಿ ನಮ್ಮಿಬ್ಬರನ್ನೂ ನೋಡುತ್ತಾ ಕೂತಿದ್ದಳು.

ಮರುದಿನ ಸೂರ್ಯ ಗುಡ್ಡದ ಹಿಂದೆ ಇಳಿದ ಕೂಡಲೇ ಪದುಮಿ ಹೊರಟಳು. ಬೆಳಕು ಇರುವಾಗಲೇ ಆದರೆ ಬಿಸಿಲು ಹೋದ ಮೇಲೆ, ಆಡುಗಳು ಮನೆಗೆ ಬರುವ ಹೊತ್ತಿಗೆ, ಅವಳು ಎಲ್ಲಿ ಬೇಕಾದರೂ ಹೋಗಬಹುದಿತ್ತು. ನಾನು ಸ್ವಲ್ಪ ದೂರ ಬಿಟ್ಟು ಹಿಂಬಾಲಿಸಿದೆ. ದ್ಯಾವಮ್ಮನ ಕೊಟ್ಟಿಗೆಯ ಬೇಲಿಯ ಹೊರಗೆ ನಿಂತು ಕೇಳಿಸಿಕೊಂಡೆ, ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

"ಅಜ್ಜಿ, ನಿಮ್ಮ ತಮ್ಮನ ಹೆಸರೇನು?"

ದ್ಯಾವಮ್ಮ ಆಡೊಂದನ್ನು ಒಳಗೆ ಅಟ್ಟಿದಳು. "ಯಾಕವ್ವ?"

"ಎಲ್ರೂ 'ಆ ಮಗು, ಆ ಮಗು' ಅಂತಾರೆ. ನನ್ನೂ ಹಂಗೇ ಅಂತಾರೆ, 'ಆ ಮಗು, ಬಿಸಿಲು ಆಗದಿರೋದು'. ನಂಗೆ ಹೆಸರಿದೆ. ಅವನಿಗೂ ಇರುತ್ತಲ್ಲ."

"ಪುಟ್ಟೀರ," ಎಂದಳು ದ್ಯಾವಮ್ಮ. "ಪುಟ್ಟೀರ ಅಂತ. ಎಲ್ಲಾನೂ ಬಾಯಿಗೆ ಹಾಕ್ಕೊಳೋ ವಯಸ್ಸು. ಅದು ವಿಷ ಅಂತ ಮನೇಲಿ ದೊಡ್ಡೋರಿಗೆಲ್ಲಾ ಗೊತ್ತಿತ್ತು ಕಣವ್ವ. ಅವನಿಗೆ ಯಾರೂ ಹೇಳಿರ್ಲಿಲ್ಲ. ಚಿಕ್ಕೋನು, ಏನು ತಿಳಿಯುತ್ತೆ ಅಂತ."

ಅವರಿಬ್ಬರೂ ಆಮೇಲೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಒಂದು ಹೋತ ಬೇಲಿಯ ಸಂದಿಯಿಂದ ನನ್ನ ಪಂಚೆಯ ತುದಿ ಅಗಿಯಲು ಶುರುಮಾಡಿದ್ದರಿಂದ ನಾನು ಜಾಗ ಬಿಡಬೇಕಾಯಿತು.

ಎರಡು ದಿನ ಬಿಟ್ಟು ದ್ಯಾವಮ್ಮ ನಮ್ಮ ಹಿತ್ತಲಿಗೆ ಬಂದಳು. ಒಂದು ಕುಂಡದ ಮಣ್ಣು ಬಗೆದು, ಕಪ್ಪಗೆ ಸುಕ್ಕಿದ ಹಣ್ಣೊಂದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮೂಗಿಗೆ ಹಿಡಿದಳು.

"ಹಣ್ಣು ಸಮೇತ ಹೂತಿದೀಯಲ್ಲೋ! ಅದೂ ಒಣಗಿಸಿ! ಇದೇನು ಅವರೆಕಾಳು ಅಂದ್ಕೊಂಡ್ಯಾ? ತಿರುಳು ಮೈಮೇಲೆ ಇರೋವರೆಗೂ ಅದು ಏಳಲ್ಲ. ಏಳೇಳು ನೀರಲ್ಲಿ ತೊಳೀಬೇಕು. ಒದ್ದೆ ಆರೋಕೆ ಮುಂಚೆ ಮಣ್ಣಿಗೆ ಹಾಕ್ಬೇಕು."

"ನಿಂಗೆ ಹೆಂಗೆ ಗೊತ್ತು ದ್ಯಾವಕ್ಕ?"

"ನಮ್ಮವ್ವ ಇದರ ಬೇರನ್ನ ಆಡಿನ ಹುಳ ಬಿದ್ದ ಗಾಯಕ್ಕೆ ಅರೆದು ಹಚ್ತಿದ್ಲು. ತೋಪಲ್ಲಿ ಅರ್ಧ ಅವಳು ಹಾಕಿದ್ದೇ." ಮಣ್ಣನ್ನು ಮತ್ತೆ ಕುಂಡಕ್ಕೆ ಸುರಿದು ಕೈ ಒರೆಸಿಕೊಂಡಳು. "ನಾನು ಹಾಕಿಕೊಡ್ತೀನಿ. ಆದ್ರೆ ಒಂದು ಮಾತು. ಬೇಲಿ ಹಾಕಿ ಬಚ್ಚಿಡಬಾರ್ದು. ಊರಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಅದರ ಮುಂದೆ ನಿಲ್ಲಿಸಿ ಹೇಳ್ಬೇಕು, ಇದು ಏನು, ಇದು ಯಾರನ್ನ ತಗೊಂಡು ಹೋಯ್ತು ಅಂತ. ಹೆಸರು ಹಿಡಿದು. ಒಂದು ಮಗೂನೂ ಬಿಡಬಾರ್ದು. ಅದನ್ನ ನೀನು ಮಾಡ್ತೀನಿ ಅಂದ್ರೆ ಸರಿ."

"ಒಂದು ಮಗೂನೂ ಬಿಡದ ಹಾಗೆ ಹೆಂಗಮ್ಮ ಹಿಡಿಯೋದು?" ಎಂದು ನಾನು ಕೇಳಿದೆ. ಒಲೆಯ ಮುಂದಿನಿಂದಲೇ ಸಾಕಮ್ಮ ಉತ್ತರ ಕೊಟ್ಟಳು. "ಊರಲ್ಲಿ ಎಲ್ಲಾ ಮಕ್ಕಳ ಮೊದಲ ಕೂದಲು ತೆಗೆಯೋನು ಯಾರು?"

ಮುಂದಿನ ಚಳಿಗೆ ಜಬ್ಬಾರ್ ಅದೇ ಡಬ್ಬಿಯಲ್ಲಿ ಮತ್ತೆ ಹಣ್ಣು ತಂದರು. ದ್ಯಾವಮ್ಮ ಕೈಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಒಂದೊಂದೇ ಹಿಸುಕಿ, ತಿರುಳು ತೆಗೆದು, ನೀರು ಬದಲಿಸಿ ಬದಲಿಸಿ ತೊಳೆದಳು. ಆ ನೀರನ್ನು ಆಡು ಕೋಳಿ ಮುಟ್ಟದ ಕಡೆ ಗುಂಡಿ ತೋಡಿ ಸುರಿದೆವು. ಹರಕಿನ ಅಂಚಿನ ಸುತ್ತ, ನೆರಳು ಇನ್ನೂ ಉಳಿದಿದ್ದ ಕಡೆ, ಬೀಜ ಹಾಕಿದೆವು. "ಮೊದಲನೇ ಚಳಿಗೆ ಇದು ಕೆಳಗೆ ಇಳಿಯುತ್ತೆ. ಎರಡನೇ ಚಳಿ ಕಳೆದ ಮೇಲೆ ಮೇಲೆ ಬರುತ್ತೆ. ಅಲ್ಲೀವರೆಗೂ ಮಣ್ಣಿಗೆ ಕೈ ಹಾಕ್ಬೇಡ" ಎಂದು ನನಗೆ ಮಾತ್ರ ಬೆರಳು ತೋರಿಸಿ ಹೇಳಿದಳು.

ಒಂದು ತಿಂಗಳಲ್ಲಿ ಎಲ್ಲ ಹಾಳಾಯಿತು. ಗಾಳಿ ಮೇಲ್ಮಣ್ಣು ಹಾರಿಸಿತ್ತು. ಬೀಜಗಳು ಮೇಲಕ್ಕೆ ಬಂದು ಬಿರಿದು ಒಣಗಿದ್ದವು, ಉಳಿದವನ್ನು ಇರುವೆ ಸಾಗಿಸಿತ್ತು. ದ್ಯಾವಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ನಮ್ಮವ್ವನ ಕಾಲದಲ್ಲಿ ಹೀಗೆ ಯಾವತ್ತೂ ಆಗಿರಲಿಲ್ಲ ಎಂದಳು. ನಾನು ಊರಿನ ಮೇಲೆ, ಗಾಳಿಯ ಮೇಲೆ, ರೈಲಿನವರ ಮೇಲೆ ಎಲ್ಲ ರೇಗಾಡಿದೆ. ಸಾಕಮ್ಮ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು.

"ಅಲ್ಲಾ, ಈ ತೋಪಲ್ಲಿ ಗುಡಿಸೋಕೆ ಏನೂ ಇಲ್ವಲ್ಲ. ಮರದ ಕೆಳಗೆ ಅಂದ್ರೆ ತರಗೆಲೆ ಇರ್ಬೇಕು ತಾನೆ?"

ನಾನೂ ದ್ಯಾವಮ್ಮನೂ ಬೆಪ್ಪಾಗಿ ನೋಡಿದೆವು. ಚಳಿಗಾಲಕ್ಕೆ ತೋಪಿನ ನೆರಳಿನಿಂದ ಎಲೆಗಳ ನೆರಳು ಉದುರುತ್ತಲೇ ಇತ್ತು, ನೆಲಕ್ಕೆ ಬಿದ್ದು ಮಾಯವಾಗುತ್ತಿತ್ತು. ನಮ್ಮೂರಿನಲ್ಲಿ ಹುಟ್ಟಿದವರಿಗೆ ನೆರಳು ಇದ್ದರೆ ಮರವೇ ಇದ್ದಂತೆ. ನೆರಳು ತರಗೆಲೆ ಹಾಸುವುದಿಲ್ಲ ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ದ್ಯಾವಮ್ಮನ ತಾಯಿಯ ಕಾಲದಲ್ಲಿ ಹಳೆಯ ಕಾಡಿನ ಎಲೆ ಇನ್ನೂ ಕೊಳೆಯುತ್ತಾ ಬಿದ್ದಿರಬೇಕು.

ಮತ್ತೊಂದು ಚಳಿಗೆ ಕಾದು, ಮತ್ತೆ ಹಣ್ಣು ತರಿಸಿ, ಮತ್ತೆ ತೊಳೆದು ಹಾಕಿದೆವು. ಈ ಸಲ ದೂರದಿಂದ ಎಲೆ ತಂದು ಹಾಸಿದರೆ ದ್ಯಾವಮ್ಮನ ಆಡುಗಳು ಹಬ್ಬ ಮಾಡಿದವು. ಹುಲ್ಲು ಹಾಸಿದರೆ ಗಾಳಿ ಒಯ್ದಿತು. ಆ ಸಂಜೆ ಅಂಗಡಿ ಗುಡಿಸುತ್ತಿದ್ದಾಗ ಸಾಕಮ್ಮ ಪೊರಕೆಯ ಮುಂದಿನ ರಾಶಿಯನ್ನೇ ನೋಡುತ್ತಾ ನಿಂತಳು. ನನಗೂ ಅದೇ ಕ್ಷಣಕ್ಕೆ ಹೊಳೆಯಿತು ಎಂದು ನಾನು ಇವತ್ತಿಗೂ ವಾದಿಸುತ್ತೇನೆ, ಅವಳು ಒಪ್ಪುವುದಿಲ್ಲ.

ಕೂದಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಇಬ್ಬನಿ ಹಿಡಿದಿಡುತ್ತದೆ. ಆಡುಗಳು ಮೂಸಿ, ಸೀನಿ, ದೂರ ಹೋಗುತ್ತವೆ. ನಾನು ದಿನದ ರಾಶಿಯನ್ನು ಗೋಣಿಚೀಲದಲ್ಲಿ ತುಂಬಿ ತೋಪಿಗೆ ಒಯ್ದೆ. ಸುದ್ದಿ ಹರಡಿತು. ತಿಂಗಳಿಗೊಮ್ಮೆ ಬರುತ್ತಿದ್ದವರು ಹದಿನೈದು ದಿನಕ್ಕೇ ಬಂದು ಕೂತರು. ಹೆಂಗಸರು ಬಾಚಣಿಗೆಯಲ್ಲಿ ಸಿಕ್ಕಿದ್ದನ್ನು ಉಂಡೆ ಮಾಡಿ ಕಳಿಸಿದರು. ಬೋಳುತಲೆಯವರು ತಮ್ಮಿಂದ ಏನೂ ಆಗಲಿಲ್ಲವೆಂದು ಬೇಜಾರು ಮಾಡಿಕೊಂಡರು, ಅವರ ಮೀಸೆ ಕತ್ತರಿಸಿ ಸಮಾಧಾನ ಮಾಡಿದೆ. ಕಣ್ಣುಕಾಯಿ ಬೇಡವೇ ಬೇಡ ಎಂದು ಪಂಚಾಯಿತಿಯಲ್ಲಿ ಕೂಗಿದ್ದವರೂ ಬಂದು ತಲೆ ಒಡ್ಡಿದರು. ಊರಿನ ತಲೆಯೆಲ್ಲ, ಕಪ್ಪು, ಬಿಳಿ, ಗೋರಂಟಿಯ ಕೆಂಪು, ತೋಪಿನಲ್ಲಿ ಮಲಗಿತು. ಹೊಸಬರು ನೋಡಿ ಬೆಚ್ಚಿಬೀಳುತ್ತಿದ್ದರು.

ಆಮೇಲೆ ಕಾಯುವುದು. ಕಾಯುವುದು ನನ್ನ ಜಾಯಮಾನವಲ್ಲ. ಮೊದಲನೇ ಚಳಿ ಕಳೆದು ಬೇಸಿಗೆ ಬಂದಾಗ ನೆಲದ ಮೇಲೆ ಕೂದಲಲ್ಲದೆ ಬೇರೇನೂ ಇರಲಿಲ್ಲ. ಪದುಮಿ ಮನೆಯಿಂದ ನನ್ನ ಅಂಗಡಿಯವರೆಗೆ ಮಾತ್ರ ಬರುತ್ತಿದ್ದಳು. ಬಾವಿಕಟ್ಟೆಯ ಮೇಲೆ ಕೂತು ಗಿರಾಕಿಗಳಿಗೆ ಪೇಪರು ಓದಿ ಹೇಳುತ್ತಿದ್ದಳು, ಗಿರಾಕಿಗಳು ತಮಗೆ ಬಂದಷ್ಟು ಲೆಕ್ಕ, ತಮಗೆ ಬಂದಷ್ಟು ಚರಿತ್ರೆ ಅವಳಿಗೆ ಹೇಳಿಕೊಡುತ್ತಿದ್ದರು. ಅರ್ಧ ತಪ್ಪು ಹೇಳಿಕೊಡುತ್ತಿದ್ದರು. ಶಾಲೆಯ ಗಂಟೆ ಹೊಡೆದಾಗ ಅವಳು ಓದುವುದು ನಿಲ್ಲಿಸಿ ಆ ಕಡೆ ನೋಡುತ್ತಿದ್ದಳು. ಅವಳು ಹಾಗೆ ನೋಡಿದ ಒಂದು ಮಧ್ಯಾಹ್ನ ನಾನು ತೋಪಿಗೆ ಹೋಗಿ, ಕೂದಲು ಸರಿಸಿ, ಬೆರಳು ಹಾಕಿದೆ.

ಬೀಜ ಸಿಕ್ಕಿತು. ಅದರ ಕೆಳಗೆ ಬಿಳಿಯ ಬೇರು, ನೂಲಿನಷ್ಟು ತೆಳು, ಆಗಲೇ ಬೆರಳುದ್ದ ಇಳಿದಿತ್ತು. ಯಾರಿಗೂ ಕಾಣದಂತೆ ಇಡೀ ಚಳಿಗಾಲ ಅದು ಕೆಲಸ ಮಾಡುತ್ತಿತ್ತು. ನನಗೆ ಕಣ್ಣು ತುಂಬಿಬಂತು. ಕಣ್ಣೊರೆಸಿಕೊಂಡು ತಿರುಗಿದರೆ ದ್ಯಾವಮ್ಮ ನಿಂತಿದ್ದಳು.

"ಕೈ ಹಾಕ್ಬೇಡ ಅಂದಿದ್ನಲ್ಲ."

"ಬೇರು ಬಂದಿದೆ ದ್ಯಾವಕ್ಕ!"

"ಬಂದಿತ್ತು. ಈಗ ನೀನು ಕಿತ್ತೆ." ಕೋಲಿನಿಂದ ನನ್ನ ಮೊಣಕೈಗೆ ಮೆಲ್ಲಗೆ ತಟ್ಟಿದಳು. ಅಂದಿನಿಂದ ಅವಳು ಆಡುಗಳನ್ನು ಮೊಮ್ಮಗನಿಗೆ ಒಪ್ಪಿಸಿ ತೋಪಿನಲ್ಲೇ ಕೂತಳು. ಆಡುಗಳು ಬಾರದಂತೆ ಕಾಯುತ್ತಿದ್ದಾಳೆಂದು ಊರವರು ತಿಳಿದರು. ಅವಳು ಕಾಯುತ್ತಿದ್ದದ್ದು ನಾನು ಬಾರದಂತೆ.

ಎರಡನೇ ಚಳಿ ಜೋರಾಗಿಯೇ ಬಂದು ಹೋಯಿತು. ಒಂದು ಬೆಳಿಗ್ಗೆ ದ್ಯಾವಮ್ಮ ತೋಪಿನಿಂದ ನನ್ನ ಹೆಸರು ಹಿಡಿದು ಕೂಗಿದಳು. ಒಂದು ಕೆನ್ನೆಗೆ ಸೋಪಿದ್ದ ಜಬ್ಬಾರರೂ ನಾನೂ ಒಟ್ಟಿಗೆ ಓಡಿದೆವು. ಕೂದಲಿನ ಹಾಸನ್ನು ಎತ್ತಿಕೊಂಡು ಬಗ್ಗಿದ ಕತ್ತಿನ ಮೊಳಕೆಗಳು ಅಲ್ಲಲ್ಲಿ ಎದ್ದಿದ್ದವು. ಕೆಲವು ತಲೆಯ ಮೇಲೆ ಯಾರದೋ ಬಿಳಿಗೂದಲನ್ನು ಹೊತ್ತಿದ್ದವು. ಪ್ರತಿ ಮೊಳಕೆಯ ಸುತ್ತಲೂ, ಬಳೆಯಷ್ಟು ಅಗಲಕ್ಕೆ, ನೆರಳು ಕಪ್ಪಗೆ ಗಟ್ಟಿಯಾಗಿ ನಿಂತಿತ್ತು. ದ್ಯಾವಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ, ನಾನಂತೂ ಎರಡನ್ನೂ ಮಾಡಿದೆ. ಜಬ್ಬಾರ್ ಸೋಪಿನ ಕೆನ್ನೆಯನ್ನು ನನ್ನ ಹೆಗಲಿಗೆ ಒತ್ತಿ ತಬ್ಬಿಕೊಂಡರು.

ಹರಕು ಒಂದೇ ದಿನಕ್ಕೆ ಮುಚ್ಚಲಿಲ್ಲ. ಗಿಡ ಒಂದು ಎಲೆ ಬಿಟ್ಟರೆ ನೆರಳು ಒಂದು ಗೇಣು ಒಳಗೆ ಬರುತ್ತಿತ್ತು. ಹೊಸ ನೆರಳಿನಲ್ಲಿ ಮತ್ತೆ ಬೀಜ ಹಾಕಿದೆವು, ಮತ್ತೆ ಕೂದಲು ಹಾಸಿದೆವು. ಕಣ ಚಾಪೆಯಾಯಿತು, ಚಾಪೆ ಮೊರವಾಯಿತು. ಪದುಮಿಗೆ ಹದಿನಾರಾದ ವರ್ಷ ಜೂನ್ ತಿಂಗಳಲ್ಲಿ ತೋಪಿನ ನಡುವೆ ಒಂದು ಅಂಗೈಯಷ್ಟು ಬಿಸಿಲು ಉಳಿದಿತ್ತು. ಅವಳು ಹೊಸ ಚೀಲ ಬೆನ್ನಿಗೆ ಹಾಕಿಕೊಂಡು, ಅದರ ಹತ್ತಿರ ಬಂದು ನಿಂತು, ಲಂಗ ಎತ್ತಿ ಹಿಡಿದು, ಅದನ್ನು ಹಾರಿ ದಾಟಿದಳು. ತನಗಿಂತ ಗೇಣು ಚಿಕ್ಕ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತಳು. ಸಂಜೆ ಬಂದವಳೇ, ಗಿರಾಕಿಗಳು ಹೇಳಿಕೊಟ್ಟ ಚರಿತ್ರೆ ಒಂದೂ ಸರಿಯಿಲ್ಲವೆಂದು ನನ್ನ ಜೊತೆ ಜಗಳ ತೆಗೆದಳು. ಸಾಕಮ್ಮ ಬಾಗಿಲ ಹಿಂದೆ ನಿಂತು ಆ ಜಗಳವನ್ನು ಕೇಳಿ ಕೇಳಿ ಅತ್ತಳು.

ಆ ವರ್ಷದ ಚಳಿಗೆ ಮೊದಲ ಹಣ್ಣು ಬಂತು. ಕೆಂಪು ತೊಟ್ಟಿನ ಮೇಲೆ ಬಿಳಿ ಹಣ್ಣುಗಳು ಸಾಲಾಗಿ ನಿಂತು ಕಪ್ಪು ಚುಕ್ಕೆಯಿಂದ ನಮ್ಮನ್ನು ನೋಡಿದವು. ನನಗೆ ಹೆದರಿಕೆ ಶುರುವಾಯಿತು. ಮೊಳಕೆಗೆ ಕುಣಿದಿದ್ದವನು ನಾನೇ, ಆದರೆ ಈಗ ದಾರಿಯ ಎರಡು ಕಡೆಯೂ, ಮಗುವಿನ ಕೈಗೆ ಎಟುಕುವ ಎತ್ತರಕ್ಕೆ, ಸಾವು ತೂಗುತ್ತಿತ್ತು. ಬೇಲಿ ಹಾಕಿಬಿಡೋಣವೇ ಎಂದು ದ್ಯಾವಮ್ಮನನ್ನು ಕೇಳಿದೆ. "ಮಾತು ಕೊಟ್ಟಿದೀಯ" ಎಂದಳು. ಮರುದಿನ ತನ್ನ ಮರಿಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳೇ ಮೊದಲು ಬಂದಳು. ಮೂರು ವರ್ಷದ ಹುಡುಗ, ಇನ್ನೂ ಒಂದು ಸಲವೂ ಕತ್ತರಿ ಕಾಣದ ಜಡೆಗೂದಲು, ಕುರ್ಚಿಯ ಮೇಲೆ ಕೂರಿಸಿದರೆ ನನ್ನ ಸೋಪನ್ನೇ ನೆಕ್ಕಲು ಹೋದ. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸು.

ಕೂದಲು ತೆಗೆದೆ. ನುಣುಪಾದ ತಲೆಗೆ ಗಂಧ ಹಚ್ಚಿದೆವು. ಉದುರಿದ ಕೂದಲನ್ನು ಅವನ ಕೈಯಲ್ಲೇ ಕೊಟ್ಟು ನಡೆಸಿಕೊಂಡು ತೋಪಿಗೆ ಹೋದೆವು. ನಾನು ಹೇಳಬೇಕಾಗಿತ್ತು, ಆದರೆ ಹಿಂದೆ ಸರಿದು ಪದುಮಿಗೆ ಜಾಗ ಬಿಟ್ಟೆ. ನಡು ಮಧ್ಯಾಹ್ನ, ಹಿಂದೆ ಹರಕು ಇದ್ದ ಜಾಗದಲ್ಲೇ, ಪದುಮಿ ಮೊಣಕಾಲೂರಿ ಹುಡುಗನ ಪಕ್ಕ ಕೂತಳು. ಅವಳ ಎಡ ಮುಂಗೈಯ ಹಳೆಯ ಸುಟ್ಟ ಕಲೆಯನ್ನು ಹುಡುಗ ಮುಟ್ಟಿ ನೋಡಿದ.

"ನಿನ್ನ ಕೂದಲು ಇಲ್ಲಿ ಹಾಕು," ಎಂದಳು. ಅವನು ಹಾಕಿದ. "ಇದು ಚೆನ್ನಾಗಿದೆ ಅಲ್ವಾ? ಇದು ವಿಷ. ಬಾಯಿಗೆ ಹಾಕ್ಕೊಂಡ್ರೆ ಸತ್ತುಹೋಗ್ತೀವಿ. ಪುಟ್ಟೀರ ಅಂತ ಒಬ್ಬ ಇದ್ದ. ನಿನ್ನಷ್ಟೇ ಇದ್ದ. ಅವನಿಗೆ ಯಾರೂ ಹೇಳಿರ್ಲಿಲ್ಲ, ತಿಂದುಬಿಟ್ಟ. ನಿಂಗೆ ಹೇಳಿದೀವಿ. ಇದು ಪುಟ್ಟೀರನ ಕಣ್ಣು. ನೋಡೋಕೆ ಮಾತ್ರ."

ಹುಡುಗ ಹಣ್ಣಿನ ಹತ್ತಿರ ಮುಖ ತಂದ. ಒಂದು ಹಣ್ಣು ಅವನ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ನಾನು ಎಳೆದುಕೊಳ್ಳಲು ಬಗ್ಗಿದೆ, ದ್ಯಾವಮ್ಮ ನನ್ನ ಮೊಣಕೈ ಹಿಡಿದಳು. ಬಿಡಲಿಲ್ಲ.

"ಪುಟ್ಟೀರ ಯಾರು?" ಎಂದು ಹುಡುಗ ಹಣ್ಣನ್ನು ನೋಡುತ್ತಲೇ ಕೇಳಿದ.

"ನನ್ನ ತಮ್ಮ," ಎಂದಳು ದ್ಯಾವಮ್ಮ.

ಹುಡುಗ ಮುತ್ತಜ್ಜಿಯ ಮುಖ ನೋಡಿದ, ಮತ್ತೆ ಹಣ್ಣನ್ನು ನೋಡಿದ. ಆಮೇಲೆ ಯಾರೂ ಹೇಳಿಕೊಡದೆ ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಹಾಗೇ ನಿಂತು ತುಂಬ ಹೊತ್ತು ನೋಡಿದ.

ಈಗ ನಮ್ಮೂರಿನಲ್ಲಿ ಮಕ್ಕಳೆಲ್ಲ ತೋಪು ದಾಟುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆಯುತ್ತಾರೆ. ಹೊರಗಿನವರು ನೋಡಿ, ಏನು ಶಿಸ್ತು ಎಂದು ಮೆಚ್ಚುತ್ತಾರೆ. ನಾನು ಕುರ್ಚಿ ಸರಿಸುತ್ತಾ ಆ ಕಡೆ ನೋಡುತ್ತೇನೆ. ಅವರ ನಡುವೆ ಒಂದು ತಲೆ ಎತ್ತರಕ್ಕೆ ನನ್ನ ಮಗಳು ಹೋಗುತ್ತಿರುತ್ತಾಳೆ, ಅವಳೂ ಕೈ ಹಿಂದೆ ಕಟ್ಟಿಕೊಂಡೇ, ಬಿಸಿಲು ಎಲ್ಲಿಂದ ಬಿದ್ದೀತೋ ಎಂದು ಒಂದು ಸಲವೂ ಮೇಲೆ ನೋಡದೆ.